ಅಹ್ಮದ್ ಬಾವರ ಕಾರಿನ ಮೂಲೆ ಗ್ಲಾಸು

ಇದರಲ್ಲಿ ಒಂದು ಅಕ್ಷರ ಸುಳ್ಳಿದ್ದರೆ ನನ್ನ ಕೈಯಲ್ಲಿರುವ ಈ ಗ್ಲಾಸಿನ ರಬ್ಬರ್ ಬೀಡಿಂಗ್ ಈಗಲೇ ಹೆಬ್ಬಾವಾಗಿ ನನ್ನ ಕುತ್ತಿಗೆಗೆ ಸುತ್ತಿಕೊಳ್ಳಲಿ. ನೋಡಿ ಸಾರ್, ಹಿಡಿದುಕೊಂಡೇ ಇದ್ದೇನೆ. ಅಲ್ಲಾಡಿತಾ? ಇಲ್ಲ. ಹಾಗಾದರೆ ಆ ಸ್ಟೂಲಿನ ಮೇಲೆ ಕೂತುಕೊಳ್ಳಿ. ಅದರ ಒಂದು ಕಾಲು ಗಿಡ್ಡ, ಸ್ವಲ್ಪ ಬಲಕ್ಕೆ ವಾಲಿ ಕೂರಬೇಕು.

ನಿಮ್ಮ ಅಂಬಾಸಿಡರಿಗೆ ಆದದ್ದು ದೊಡ್ಡ ಸಂಗತಿಯಲ್ಲ. ಹಿಂದಿನ ಬಾಗಿಲಿನಲ್ಲಿ ಎರಡು ಗ್ಲಾಸುಂಟು. ಒಂದು ಹಿಡಿ ತಿರುಗಿಸಿದರೆ ಇಳಿಯುತ್ತದೆ, ಏರುತ್ತದೆ. ಇನ್ನೊಂದು ಮೂಲೆಯದ್ದು. ಅದು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಮದುವೆಮನೆಗೆ ಬಂದ ಕೆಲಸವಿಲ್ಲದ ನೆಂಟನ ಹಾಗೆ ಸುಮ್ಮನೆ ಕೂತಿರುತ್ತದೆ. ಒಡೆದ ಮೇಲೆಯೇ ಅಂಥದ್ದೊಂದು ಇತ್ತು ಅಂತ ನೆನಪಾಗುವುದು. ನನಗೆ ಹೆಂಡತಿ ಸಿಕ್ಕಿದ್ದೇ ಅಂಥ ಒಂದು ಮೂಲೆ ಗ್ಲಾಸಿನಿಂದ. ನಗಬೇಡಿ, ಅವಳು ಒಳಗಿದ್ದಾಳೆ, ಕೇಳಿಸುತ್ತದೆ.

ನಮ್ಮ ಜಿಲ್ಲೆ ಮದ್ರಾಸಿನಿಂದ ಕಳಚಿ ಮೈಸೂರಿಗೆ ಸೇರಿದ ಮರುವರ್ಷದ ಮಾತು. ಆಗ ಈ ಮಾಯಿಲಪ್ಪ ಹೀಗೆ ಕೊಟ್ಟಾರದ ಶೆಡ್ಡಿನಲ್ಲಿ ಕೂತವನಲ್ಲ. ಬಂದರಿನ ಅಕ್ಕಿ ವ್ಯಾಪಾರಿ ಅಹ್ಮದ್ ಬಾವರ ಕಪ್ಪು ಲ್ಯಾಂಡ್‌ಮಾಸ್ಟರಿಗೆ ಡ್ರೈವರ್. ಆ ಕಾರಿನ ಹಿಂದಿನ ಬಾಗಿಲುಗಳಿಗೆ ಒಳಗಿನಿಂದ ಕಪ್ಪು ಪರದೆ ಹೊಲಿಸಿದ್ದರು, ಅವರ ತಾಯಿ ಐಸಮ್ಮನವರಿಗೆ ಕೂರಲಿಕ್ಕೆ. ಆ ಪರದೆಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಕಾರಿನ ಹಾರ್ನ್ ಅಂತೂ ಎಂಥ ಹಾರ್ನ್! ನಂತೂರಿನಲ್ಲಿ ಒತ್ತಿದರೆ ಪಡೀಲಿನ ಎಮ್ಮೆಗಳು ಓಗೊಡುತ್ತಿದ್ದವು.

ಕುಲಶೇಖರದ ಹಂಚಿನ ಕಾರ್ಖಾನೆಯಲ್ಲಿ ಅಕ್ಕು ಕೆಲಸಕ್ಕೆ ಹೋಗುತ್ತಿದ್ದಳು. ತಲೆಯ ಮೇಲೆ ಹಸಿ ಹಂಚು ಹೊತ್ತು ನಡೆದರೆ ಹಂಚು ಅಲುಗುತ್ತಿರಲಿಲ್ಲ, ನೋಡಿದವರು ಅಲುಗುತ್ತಿದ್ದರು. ನಾನು ಯಾವ ಕೆಲಸಕ್ಕೆ ಯಾವ ದಿಕ್ಕಿಗೆ ಹೊರಟರೂ ಕಾರು ಕುಲಶೇಖರದ ಮೇಲೆಯೇ ಹೋಗುತ್ತಿತ್ತು. ಅವಳ ಅಂಗಳದೆದುರು ಬಂದಾಗ ಹಾರ್ನ್ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತಿತ್ತು.

ಹೆಣ್ಣು ಕೇಳಿದೆ. ಅವಳ ಅಮ್ಮ ದೇಯಿಯಕ್ಕನಿಗೆ ಮನಸ್ಸಿತ್ತು. ಆದರೆ ನಮ್ಮಲ್ಲಿ ಅಳಿಯಸಂತಾನ ಅಲ್ಲವಾ ಸಾರ್. ಅಪ್ಪ ಅಮ್ಮ ಹೇಳಿದ್ದು ಮಾತು, ಸೋದರಮಾವ ಹೇಳಿದ್ದು ತೀರ್ಮಾನ. ಅಕ್ಕುವಿನ ಸೋದರಮಾವ ಚನಿಯಣ್ಣ. ಒಳ್ಳೆಯ ಮನುಷ್ಯ, ಆದರೆ ಸ್ವಂತಕ್ಕೆ ಒಂದು ತೀರ್ಮಾನ ಮಾಡಿದವರಲ್ಲ. ಎಲ್ಲದಕ್ಕೂ ತೀರಿಹೋದ ತನ್ನ ಸೋದರಮಾವ ಧೂಮಪ್ಪನವರನ್ನು ಎಳೆದು ತರುತ್ತಿದ್ದರು. ಎಮ್ಮೆ ಕೊಳ್ಳಬೇಕಾ? "ಧೂಮಪ್ಪ ಮಾವ ಇದ್ದಿದ್ರೆ ಎಂತ ಹೇಳ್ತಿದ್ರು?" ಬಾವಿಗೆ ಹೊಸ ಹಗ್ಗ ಬೇಕಾ? "ಧೂಮಪ್ಪ ಮಾವ ಇದ್ದಿದ್ರೆ?" ಅವರ ಚಾವಡಿಯ ಗೋಡೆಯಲ್ಲಿ ಮಾವನ ದೊಡ್ಡ ಪಟ ಇತ್ತು. ಒಂದೊಂದು ಮೀಸೆ ಒಂದೊಂದು ಇಣಚಿ ಬಾಲದಷ್ಟು, ಇಣಚಿ ಅಂದರೆ ಅಳಿಲು ಸಾರ್. ಆ ಪಟದೆದುರು ನಿಂತು ಕೇಳುವುದು, ಉತ್ತರ ಬಾರದಿದ್ದರೆ ಕೆಲಸ ಮುಂದೆ ಹಾಕುವುದು. ಪಟ ಯಾವತ್ತು ಉತ್ತರ ಕೊಡುತ್ತದೆ? ಆ ಮನೆಯಲ್ಲಿ ಎಮ್ಮೆಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ.

ನನ್ನ ವಿಷಯವನ್ನೂ ಪಟಕ್ಕೆ ಕೇಳಿದರಂತೆ. ಉತ್ತರ ಬರಲಿಲ್ಲ. ಆಮೇಲೆ ನನ್ನನ್ನು ಕರೆದು ಹೇಳಿದರು:

"ನೋಡು ಮಾಯಿಲಪ್ಪ, ಆದಿತ್ಯವಾರ ಬೆಳಿಗ್ಗೆ ನಾನು ಬಂದರಿಗೆ ಬರ್ತೇನೆ. ನಿನ್ನ ಸಾವುಕಾರ್ರ ಹತ್ರ ಕೇಳ್ತೇನೆ. ಅವ್ರು ಒಳ್ಳೆ ಜನ ಅಂದ್ರೆ ನೋಡುವ. ಇಲ್ಲಾಂದ್ರೆ ಉಳ್ಳಾಲದಲ್ಲಿ ಒಂದು ಸಂಬಂಧ ಉಂಟು, ಅದೇ ಸೈ."

ಉಳ್ಳಾಲದವನಿಗೆ ಸ್ವಂತ ದೋಣಿ ಇತ್ತು ಸಾರ್. ನನಗೆ ಇದ್ದದ್ದು ಬೇರೆಯವರ ಕಾರು.

ಶನಿವಾರ ಬೆಳಿಗ್ಗೆ ಅಹ್ಮದ್ ಬಾವ ಕಾಸರಗೋಡಿಗೆ ರೈಲಿನಲ್ಲಿ ಹೋದರು. ಕಾರು ತೊಳೆದಿಡು ಅಂತ ನನಗೆ ಹೇಳಿ ಹೋದರು. ಮರುದಿನ ತಾಯಿಯನ್ನು ಸುರತ್ಕಲ್ಲಿಗೆ ನೆಂಟರ ಮನೆಗೆ ಕರಕೊಂಡು ಹೋಗಲಿಕ್ಕಿತ್ತು. ನಾನು ತೊಳೆದೆ. ತೊಳೆದದ್ದು ಒಣಗಬೇಕಲ್ಲ? ಒಣಗಿಸಲಿಕ್ಕೆ ಕುಲಶೇಖರಕ್ಕೆ ಹೋದೆ.

ಅಕ್ಕು ಅಂಗಳದಲ್ಲಿದ್ದಳು. ನಾನು ಹಾರ್ನ್ ಒತ್ತಿದೆ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಹಾರ್ನ್ ಕಾರಿಗೆ ಇರುವುದಾ, ನಿನ್ನ ಗಂಟಲಿಗೆ ಇರುವುದಾ? ನೆರೆಮನೆಯ ತೊಟ್ಟಿಲಲ್ಲಿದ್ದ ಮಗು ಎದ್ದಿತು!"

"ನಾಳೆ ನಿನ್ನ ಮಾವ ಬರ್ತಾರೆ ಅಂತ ನೆನಪು ಮಾಡಿದ್ದು ಮಾರಾಯ್ತಿ!"

"ಮಾವನನ್ನು ಕರೀಲಿಕ್ಕೆ ಹಾರ್ನ್ ಬೇಡ. ಪಟಕ್ಕೆ ಹೊಸ ಕಟ್ಟು ಹಾಕಿಸಿ ತಂದಿದ್ದಾರೆ. ನಾಳೆಗೆ ಅಂತ ಅದರ ಎದುರೇ ಕೂತಿದ್ದಾರೆ."

ನಾನು ಸಂತೋಷಕ್ಕೆ ಮೂರನೇ ಸಲ ಒತ್ತಿದೆ ನೋಡಿ. ಅವಳು ಬಗ್ಗಿ ಒಂದು ಹಂಚಿನ ಚೂರು ತೆಗೆದು ಬೀಸಿದಳು. ಆ ಚೂರು ಗಾಳಿಯಲ್ಲಿ ತೆಂಗಿನಮರಕ್ಕೆ ಒಂದು ಸುತ್ತು ಹಾಕಿ, ಒಂದು ಕಾಗೆಗೆ ದಾರಿ ಬಿಟ್ಟು, ಬಂದು ಮೂಲೆ ಗ್ಲಾಸಿಗೆ ಬಡಿಯಿತು. ದೊಡ್ಡ ಗ್ಲಾಸು ಇಳಿಸಿಯೇ ಇತ್ತು, ಅದರಲ್ಲಿ ತೂರಿ ಹೋಗಬಹುದಿತ್ತು. ಹೋಗಲಿಲ್ಲ. ಗ್ಲಾಸು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಸೀಟಿನ ತುಂಬ ಹರಡಿತು.

ಅಕ್ಕುವಿನ ಮುಖ ಸಣ್ಣದಾಯಿತು. "ಹೆದರಿಸ್ಲಿಕ್ಕೆ ಬಿಸಾಡಿದ್ದು. ಈಗ ಎಂತ ಮಾಡುದು?"

"ಎಂತ ಮಾಡುದು? ಇದು ನೋಡಿದ್ರೆ ಸಾವುಕಾರ್ರು ನಾಳೆ ನಿನ್ನ ಮಾವನೆದುರು ನನ್ನ ಹಣೆಬರಹ ಓದ್ತಾರೆ. ನೀನು ದೋಣಿ ಹತ್ತಲಿಕ್ಕೆ ಕಲಿ."

"ಥೂ, ನಂಗೆ ನೀರು ಕಂಡ್ರೆ ತಲೆ ತಿರುಗ್ತದೆ," ಅಂದಳು. "ಹೋಗು, ಸರಿ ಮಾಡಿಸು. ಸಂಜೆಯೊಳಗೆ."

ಅಷ್ಟು ಸಾಕಾಯಿತು ನನಗೆ. ತಲೆ ತಿರುಗುತ್ತದೆ ಅಂದದ್ದು ನನಗೋಸ್ಕರ ಅಂತ ತಿಳಿದುಕೊಂಡು ಹಂಪನಕಟ್ಟೆಗೆ ಕಾರು ಓಡಿಸಿದೆ.

ಕಾರಿನ ಗ್ಲಾಸು ಆಗ ಮಂಗಳೂರಿನಲ್ಲಿ ಎಲ್ಲಿ ಸಿಗಬೇಕು? ಬೊಂಬಾಯಿಯಿಂದ ಹಡಗಿನಲ್ಲಿ ಬರಬೇಕು ಅಂದರು. ಹಡಗು ಬರುವಾಗ ಅಕ್ಕುವಿಗೆ ಉಳ್ಳಾಲದಲ್ಲಿ ಎರಡು ಮಕ್ಕಳಾಗಿರುತ್ತಿದ್ದವು. ಕೊನೆಗೆ ರುಡೊಲ್ಫ್ ಪೊರ್ಬುಗಳ ಅಂಗಡಿಗೆ ಹೋದೆ. ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಅಲ್ಲಿ ಸಂತ ಅಂತೋನಿ, ಬೆಣ್ಣೆ ಕೃಷ್ಣ, ಯಾರದೋ ಅಜ್ಜಿ, ಎಲ್ಲರೂ ಒಂದೇ ಗೋಡೆಗೆ ಒರಗಿ ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು.

"ಪೊರ್ಬುಗಳೇ, ಒಂದು ಕಟ್ಟು ಹಾಕ್ಬೇಕಿತ್ತು."

"ಪಟ ತಾ."

"ಪಟ ಹೊರಗೆ ನಿಂತಿದೆ. ನಾಲ್ಕು ಚಕ್ರ ಉಂಟು."

ರುಡೊಲ್ಫ್ ಪೊರ್ಬುಗಳು ಹೊರಗೆ ಬಂದು, ಕನ್ನಡಕ ಏರಿಸಿ, ಒಡೆದ ಜಾಗದಿಂದ ಒಳಗೆ ಇಣುಕಿದರು. "ಸಾಯ್ಬಾ, ದೇವರೇ! ಯಾರು ಹೊಡೆದದ್ದು?"

"ಕಾಗೆ."

"ಕಾಗೆ ಹಂಚು ಬಿಸಾಡ್ತದಾ?" ಸೀಟಿನಿಂದ ಹಂಚಿನ ಚೂರು ಹೆಕ್ಕಿ ನನ್ನ ಕೈಯಲ್ಲಿಟ್ಟರು. "ಆ ಕಾಗೆಗೆ ಜಡೆ ಉಂಟಾ ಮಾರಾಯ?"

ಮತ್ತೆ ಕೇಳಲಿಲ್ಲ, ದೊಡ್ಡ ಮನಸ್ಸಿನವರು. ಕೆಲಸ ಶುರುವಾಯಿತು. ಈಗ ನಿಮ್ಮ ಕಾರಿಗೆ ನಾನು ಮಾಡುವುದೂ ಅದನ್ನೇ, ಆದ್ದರಿಂದ ಸರಿಯಾಗಿ ಕೇಳಿ. ಮೊದಲು ಬಾಗಿಲಿನಿಂದ ರಬ್ಬರ್ ಬಿಡಿಸಬೇಕು, ಹರಿಯದ ಹಾಗೆ. ಅದರ ಚಡಿಯಲ್ಲಿ ಸಿಕ್ಕಿದ ಗ್ಲಾಸಿನ ಪುಡಿ ಕೊಡವಬೇಕು. ಒಂದು ರಟ್ಟನ್ನು ಆ ತೂತಿಗೆ ಹಿಡಿದು, ಗೆರೆ ಎಳೆದು, ಅದೇ ಅಳತೆಗೆ ಗ್ಲಾಸು ಕೊಯ್ಯಬೇಕು. ರುಡೊಲ್ಫ್ ಪೊರ್ಬುಗಳು ಅಂಗಡಿಯ ಮೂಲೆಯಿಂದ ಒಂದು ಹಳೆಯ ಗ್ಲಾಸು ಎಳೆದರು.

"ಇದು ಸಾಕಷ್ಟು ದಪ್ಪ ಉಂಟು. ಹಳೇ ಕಾಲದ ಮಾಲು. ಮೊನ್ನೆ ಒಂದು ಪಟದಿಂದ ಬಿಚ್ಚಿದ್ದು."

ನಾನು ಬಿಸಿಲಿಗೆ ಹಿಡಿದು ನೋಡಿದೆ. ನಡುವೆ ಸ್ವಲ್ಪ ಮಂಜು ಮಂಜು.

"ಎಂತದೋ ಕಲೆ ಉಂಟಲ್ಲ?"

"ಧೂಳು. ಉಜ್ಜು, ಹೋಗ್ತದೆ."

ಸಾಬೂನು ಹಾಕಿ ಉಜ್ಜಿದೆ. ಬೂದಿ ಹಾಕಿ ಉಜ್ಜಿದೆ. ಹುಣಸೆಹುಳಿ ಹಾಕಿ ಉಜ್ಜಿದೆ. ನನ್ನ ಅಂಗೈಯ ಗೆರೆಗಳು ಹೋದವು, ಕಲೆ ಹೋಗಲಿಲ್ಲ. ಆದರೆ ಕಪ್ಪು ಪರದೆಯ ಹಿಂದಿನ ಮೂಲೆ ಗ್ಲಾಸನ್ನು ಯಾರು ನೋಡುತ್ತಾರೆ ಅಂತ ಬಿಟ್ಟೆ.

ರಬ್ಬರನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಗ್ಲಾಸಿನ ಸುತ್ತ ತೊಡಿಸಿದೆವು. ಆಮೇಲೆ ರಬ್ಬರಿನ ಹೊರಗಿನ ಚಡಿಯಲ್ಲಿ ಸುತ್ತಲೂ ಒಂದು ಹುರಿ ಕೂರಿಸುವುದು, ಚಡ್ಡಿಗೆ ಲಾಡಿ ಪೋಣಿಸಿದ ಹಾಗೆ. ಎರಡು ತುದಿಯೂ ಕಾರಿನ ಒಳಗೆ ನೇತಾಡಬೇಕು. ಸಾಬೂನು ನೀರು ಬಳಿದು, ಹೊರಗಿನಿಂದ ಒಬ್ಬ ಅಂಗೈಯಲ್ಲಿ ಒತ್ತಬೇಕು, ಒಳಗಿನಿಂದ ಇನ್ನೊಬ್ಬ ಹುರಿಯನ್ನು ಮೆಲ್ಲ ಎಳೆಯಬೇಕು. ಹುರಿ ಬರುತ್ತಾ ಬರುತ್ತಾ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಒತ್ತುವವನೂ ಎಳೆಯುವವನೂ ಜಗಳವಾಡಬಾರದು, ಅಷ್ಟೇ ಗುಟ್ಟು. ನಾವು ಜಗಳವಾಡಿಕೊಂಡೇ ಕೂರಿಸಿದೆವು. ಟಪ್ ಅಂತ ಕೂತಿತು.

ಆದಿತ್ಯವಾರ ಬೆಳಿಗ್ಗೆ ಬಂದರಿನ ಮನೆಯ ಅಂಗಳದಲ್ಲಿ ಕಾರು ಮಿನುಗುತ್ತಾ ನಿಂತಿತು. ಅಹ್ಮದ್ ಬಾವ ಸುತ್ತ ಒಂದು ಸುತ್ತು ಬಂದರು. ಗ್ಲಾಸನ್ನು ನೋಡಿದರು, ಮೀಸೆ ಇಲ್ಲದ ತುಟಿಯ ಮೇಲೆ ಬೆರಳಿಟ್ಟರು, ಮುಂದಿನ ಚಕ್ರದ ಕಡೆ ಹೋದರು. ಬಾಯಿಗೆ ಬಂದಿದ್ದ ನನ್ನ ಜೀವ ಕೆಳಗೆ ಇಳಿಯಿತು. ಅಷ್ಟರಲ್ಲಿ ಕೊಡೆ ಊರಿಕೊಂಡು ಚನಿಯಣ್ಣ ಬಂದರು.

"ಸಾವುಕಾರ್ರೇ, ಒಂದು ವಿಷಯ ಕೇಳ್ಲಿಕ್ಕಿತ್ತು. ಈ ಮಾಯಿಲಪ್ಪ ಹೇಗೆ ಜನ? ನನ್ನ ಸೋದರಸೊಸೆಯನ್ನು ಕೇಳಿದ್ದಾನೆ."

ಅಹ್ಮದ್ ಬಾವ ಪ್ರಾಮಾಣಿಕ ಮನುಷ್ಯ. ಅದೇ ತೊಂದರೆಯಾದದ್ದು.

"ಕೆಲಸ ಒಳ್ಳೇದು. ಕುಡಿಯುದಿಲ್ಲ, ಕದಿಯುದಿಲ್ಲ," ಅಂದರು. ನಾನು ಮೇಲೆ ನೋಡಿದೆ. "ಆದ್ರೆ ಚನಿಯಣ್ಣ, ಇವನ ಬಾಯಿ ಉಂಟಲ್ಲ! ಮೊನ್ನೆ ತಡ ಯಾಕಾಯ್ತು ಕೇಳಿದ್ರೆ ಕೂಳೂರು ಹೊಳೆಯ ಸಂಕದ ಮೇಲೆ ಮೊಸಳೆ ಅಡ್ಡ ಮಲಗಿತ್ತು, ಹಾರ್ನ್ ಹಾಕಿದ್ರೆ ಮಗ್ಗುಲು ಮಾತ್ರ ಬದಲಿಸಿತು ಅಂತಾನೆ. ಇವ ಒಂದು ಮಾತು ಹೇಳಿದ್ರೆ ನಾನು ಅದನ್ನು ಜರಡಿ ಹಿಡಿದೇ ಕೇಳುದು."

ಮೊಸಳೆ ಇತ್ತು ಸಾರ್. ಅದು ಬೇರೆ ಕಥೆ.

ಚನಿಯಣ್ಣ ಕೊಡೆ ಕಂಕುಳಿಗೆ ಸೇರಿಸಿದರು. "ಸುಳ್ಳುಗಾರನಾ? ಹಾಗಾದ್ರೆ ಬೇಡ. ಧೂಮಪ್ಪ ಮಾವ ಇದ್ದಿದ್ರೆ ಇಂಥವನನ್ನು ಅಂಗಳಕ್ಕೆ ಬಿಡ್ತಿರ್ಲಿಲ್ಲ. ಉಳ್ಳಾಲಕ್ಕೆ ಈಗ್ಲೇ ಹೇಳಿ ಕಳಿಸ್ತೇನೆ."

ಕಾಲಿನಡಿಯ ನೆಲ ಕಡಲಿಗೆ ಜಾರಿದ ಹಾಗಾಯಿತು. ಆಗಲೇ ಐಸಮ್ಮ ಮನೆಯಿಂದ ಇಳಿದು ಬಂದರು. ನಾನು ಹಿಂದಿನ ಬಾಗಿಲು ತೆರೆದು ಹಿಡಿದೆ. ಬೆಳಗಿನ ಓರೆ ಬಿಸಿಲು ಮೂಲೆ ಗ್ಲಾಸಿಗೆ ಬಿತ್ತು, ಹಿಂದೆ ಕಪ್ಪು ಪರದೆ.

ಚನಿಯಣ್ಣನ ಕಂಕುಳಿಂದ ಕೊಡೆ ಬಿತ್ತು.

ನಾನು ಬಗ್ಗಿ ನೋಡಿದೆ. ಗ್ಲಾಸಿನಲ್ಲಿ ಒಬ್ಬರು ಕೂತಿದ್ದರು! ಹೊಗೆಯಲ್ಲಿ ಬರೆದ ಹಾಗೆ ಮುಂಡಾಸು, ಹಣೆ, ಎರಡು ಇಣಚಿ ಬಾಲದ ಮೀಸೆ. ನನಗೆ ಆಗ ಹೊಳೆಯಿತು. ಪಟಕ್ಕೆ ಹೊಸ ಕಟ್ಟು ಹಾಕಿಸಿದ್ದಾರೆ ಅಂತ ಅಕ್ಕು ಹೇಳಿದ್ದಳಲ್ಲ, ಹಾಕಿದ್ದು ರುಡೊಲ್ಫ್ ಪೊರ್ಬುಗಳು. ಬಿಚ್ಚಿದ ಹಳೆಯ ಗ್ಲಾಸು ನನ್ನ ಪಾಲಿಗೆ ಬಂದದ್ದು. ಅಷ್ಟು ವರ್ಷ ಅಂಥ ಮೀಸೆಯವರು ಒಂದೇ ಗ್ಲಾಸಿಗೆ ಮುಖ ಒತ್ತಿ ಕೂತರೆ ಗ್ಲಾಸಾದರೂ ಎಷ್ಟು ತಡೆದೀತು, ಹೇಳಿ? ಅಚ್ಚು ಇಳಿದಿತ್ತು.

"ತಮ್ಮಲೇ..." ಅಂದರು ಚನಿಯಣ್ಣ. ಸೋದರಮಾವನಿಗೆ ತುಳುವಿನಲ್ಲಿ ಹಾಗೆಯೇ ಕರೆಯುವುದು. ಅಂಗಳದಲ್ಲಿ ಮೊಣಕಾಲೂರಿ ಕೂತು ಕೈ ಮುಗಿದರು. "ನೀವೇ ಬಂದ್ರಾ? ಗೋಡೆಯಲ್ಲಿ ಮಾತಾಡದವರು ಇಷ್ಟು ದೂರ ಬಂದ್ರಾ? ಹೇಳಿ, ಅಕ್ಕುವನ್ನು ಈ ಮಾಯಿಲಪ್ಪನಿಗೆ ಕೊಡ್ಬಹುದಾ?"

ಅದೇ ಹೊತ್ತಿಗೆ ಐಸಮ್ಮ ಕಾರು ಹತ್ತಿದರು. ತೂಕದ ಹೆಂಗಸು. ಕಾರು ಅಲ್ಲಾಡಿತು, ಬಾಗಿಲು ಆಚೆಗೊಮ್ಮೆ ಈಚೆಗೊಮ್ಮೆ ತೂಗಿತು. ಗ್ಲಾಸಿನೊಳಗಿನ ಮುಖ ಆಚೆ ಹೋಯಿತು, ಈಚೆ ಬಂತು.

"ಬೇಡ ಅಂತೀರಾ?" ಅಂದರು ಚನಿಯಣ್ಣ.

ಇಂಥ ಹೊತ್ತಿನಲ್ಲಿ ದೇವರು ಬುದ್ಧಿ ಕೊಡುತ್ತಾನೆ. ಆ ಬಾಗಿಲಿನ ಕೀಲು ಬಹಳ ದಿನಗಳಿಂದ ಸಡಿಲವಾಗಿತ್ತು. ಹಿಡಿ ಹಿಡಿದು ಎತ್ತಿದರೆ ಬಾಗಿಲು ಒಂದು ಬೆರಳು ಮೇಲೇಳುತ್ತಿತ್ತು, ಬಿಟ್ಟರೆ ಒಂದು ಬೆರಳು ಇಳಿಯುತ್ತಿತ್ತು. ಸರಿ ಮಾಡಿಸು ಅಂತ ಅಹ್ಮದ್ ಬಾವ ಹೇಳುತ್ತಲೇ ಇದ್ದರು. ಯಾಕೆ ಮಾಡಿಸಲಿಲ್ಲ ಅಂತ ನನಗೆ ಅವತ್ತು ತಿಳಿಯಿತು. ಗಾಳಿ ಬೀಸಿತು ಅಂತ ಇಟ್ಟುಕೊಳ್ಳಿ. ನನ್ನ ಕೈ ಅಲ್ಲಿಯೇ ಇತ್ತು ಅಂತಲೂ ಇಟ್ಟುಕೊಳ್ಳಿ.

ಮುಖ ಮೇಲೆದ್ದಿತು. ಇಳಿಯಿತು. ಇನ್ನೊಮ್ಮೆ ಎದ್ದಿತು, ಇಳಿಯಿತು.

"ನೋಡಿದ್ರಾ! ಮಾವ ತಲೆ ಆಡಿಸಿದ್ರು!" ಚನಿಯಣ್ಣನ ಕಣ್ಣಲ್ಲಿ ನೀರು. "ಮೊದಲು ಪರೀಕ್ಷೆ ಮಾಡಿದ್ದು, ಆಮೇಲೆ ಒಪ್ಪಿದ್ದು. ಇದ್ದಾಗಲೂ ಹಾಗೇ ಇದ್ರು."

ಅಹ್ಮದ್ ಬಾವ ನಿಂತ ಕಡೆಗೆ ಬರೀ ಗ್ಲಾಸು ಕಾಣುತ್ತಿತ್ತು. "ಎಂತದು ಮಾಯಿಲಪ್ಪ? ಇವ್ರು ಯಾಕೆ ನನ್ನ ಕಾರಿಗೆ ಕೈ ಮುಗಿಯುದು?"

"ಲ್ಯಾಂಡ್‌ಮಾಸ್ಟರ್ ಮೊದಲ ಸಲ ನೋಡುದು ಸಾವುಕಾರ್ರೇ," ಅಂದೆ.

ಮದುವೆ ನಿಶ್ಚಯವಾಯಿತು. ಆದರೆ ಧೂಮಪ್ಪ ಮಾವ ಒಮ್ಮೆ ಮಾತಾಡಿದ ಮೇಲೆ ಚನಿಯಣ್ಣ ಸುಮ್ಮನೆ ಬಿಡುತ್ತಾರಾ? ಬೆಳಿಗ್ಗೆ ಬಿಸಿಲೇರುವ ಮೊದಲೇ ಬಂದರಿಗೆ ಹಾಜರು. "ಎಮ್ಮೆ ಕೊಳ್ಳುದಾ ಮಾವ?" ನಾನು ಬಾಗಿಲು ಎತ್ತುವುದು. "ಹಗ್ಗ?" ಮತ್ತೆ ಎತ್ತುವುದು. ನನ್ನ ರಟ್ಟೆ ಊದಿತು, ಅವರ ಮನೆ ಉದ್ಧಾರವಾಯಿತು. ಊರಿನಲ್ಲಿಯೂ ಸುದ್ದಿಯಾಯಿತು. ಹಂಪನಕಟ್ಟೆಯ ಪೊಲೀಸಿನವ ನಮ್ಮ ಕಾರು ನಿಲ್ಲಿಸಲಿಕ್ಕೆ ಕೈ ಎತ್ತಿದವ, ಮೂಲೆ ಗ್ಲಾಸು ಕಂಡು ಅದೇ ಕೈಯಲ್ಲಿ ಸೆಲ್ಯೂಟ್ ಹೊಡೆದ.

ಒಂದು ದಿನ ಅಹ್ಮದ್ ಬಾವ ಕಾರಿನ ಬಾಗಿಲು ತೆರೆದರೆ ಹಿಂದಿನ ಸೀಟಿನಲ್ಲಿ ಬಾಳೆಎಲೆ, ಎಲೆಯ ಮೇಲೆ ಕೋಳಿಸಾರು ರೊಟ್ಟಿ, ಪಕ್ಕದಲ್ಲಿ ತೆಂಗಿನ ಗೆರಟೆಯಲ್ಲಿ ಕಳ್ಳು. ಚನಿಯಣ್ಣ ಹಿರಿಯರಿಗೆ ಬಡಿಸಿ, ಕಣ್ಣು ಮುಚ್ಚಿ ಆಚೆ ನಿಂತಿದ್ದರು.

"ಯಾ ಅಲ್ಲಾ! ನನ್ನ ಕಾರಲ್ಲಿ ಕಳ್ಳಾ?"

"ನಮಗಲ್ಲ ಸಾವುಕಾರ್ರೇ," ಅಂದರು ಚನಿಯಣ್ಣ ಕಣ್ಣು ತೆರೆಯದೆ. "ಮಾವನಿಗೆ."

ಮನೆಯೊಳಗಿನಿಂದ ಐಸಮ್ಮ ಮಗನನ್ನು ಕರೆದ ಸ್ವರ ಬಂತು: "ಮೋನೇ, ಆ ಮೀಸೆಯ ಮುದುಕನನ್ನು ಒಮ್ಮೆ ಇಳಿಸಿ ಬಿಡು. ನಾನು ಹತ್ತುವಾಗ, ಇಳಿಯುವಾಗ ಎಲ್ಲಾ ನೋಡ್ತಾ ಇರ್ತಾನೆ. ಮುಸುಕು ಎಳೆದು ಎಳೆದು ನನ್ನ ಕೈ ನೋಯ್ತದೆ."

ಅಹ್ಮದ್ ಬಾವ ನಾನು ಹಿಡಿದ ಕಡೆಯೇ ಬಂದು ನಿಂತು, ಬಿಸಿಲಿಗೆ ಓರೆ ಮಾಡಿ ಗ್ಲಾಸು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲಿನ ಹಿಡಿ ಹಿಡಿದು ಒಮ್ಮೆ ಎತ್ತಿ ಬಿಟ್ಟರು. ಮುಖ ಎದ್ದು ಇಳಿಯಿತು. ನನ್ನ ಕಡೆ ತಿರುಗಿದರು. ನಾನು ಕಡಲಿನ ಕಡೆ ನೋಡಿದೆ.

"ಮೊಸಳೆಯನ್ನು ನಂಬಬಹುದಿತ್ತು ಮಾರಾಯ," ಅಂದರು ಮೆಲ್ಲಗೆ. ಚನಿಯಣ್ಣನಿಗೆ ಮಾತ್ರ ಏನೂ ಹೇಳಲಿಲ್ಲ. ಗಟ್ಟಿಯಾಗಿ ಅಂದದ್ದು ಇಷ್ಟೇ: "ಬೊಂಬಾಯಿಗೆ ಹೇಳಿ ಹೊಸ ಗ್ಲಾಸು ತರಿಸುವ. ಈ ಯಜಮಾನ್ರನ್ನು ಮರ್ಯಾದೆಯಲ್ಲಿ ಅವರ ಮನೆಗೆ ಮುಟ್ಟಿಸು."

ಯಾವ ಮನೆಗೆ? ಅಳಿಯಸಂತಾನದಲ್ಲಿ ಮಾವನ ಮುಂದಿನ ಸಂತತಿ ಸೋದರಿಯ ಮಕ್ಕಳದ್ದು, ಅವರ ಹೆಣ್ಣುಮಕ್ಕಳದ್ದು. ಅಂದರೆ ಅಕ್ಕುವಿನದ್ದು. ಹಾಗೆ ಮದುವೆಯ ದಿನ ಅಕ್ಕು ಮುಂದಿನಿಂದ ನಡೆದು ನನ್ನ ಮನೆ ಹೊಕ್ಕಳು, ಹಿಂದಿನಿಂದ ಧೂಮಪ್ಪ ಮಾವ ಹೊಕ್ಕರು, ಚಾಪೆಯಲ್ಲಿ ಸುತ್ತಿಕೊಂಡು.

ಅವತ್ತು ಜನ ಎಲ್ಲ ಹೋದ ಮೇಲೆ ಅಕ್ಕು ಹತ್ತಿರ ಬಂದಳು. ನಾನು ಇನ್ನೆಂತದೋ ಹೇಳುತ್ತಾಳೆ ಅಂದುಕೊಂಡೆ.

"ಧೂಮಪ್ಪಜ್ಜ ಬದುಕಿದ್ದಾಗ ನಾನು ನೋಡಿದ್ದೇನೆ," ಅಂದಳು. "ಒಬ್ಬರಿಗೂ ತಲೆ ಆಡಿಸಿದವರಲ್ಲ. ಹೌದಾದ್ರೆ ಒಂದು ಸಲ ಕೆಮ್ಮುವುದು. ಬಾಗಿಲು ಎತ್ತಿದ್ದು ಯಾರು?"

"ಗಾಳಿ."

"ಗಾಳಿಗೆ ಜಡೆ ಇಲ್ಲ, ಮೀಸೆ ಉಂಟು ಅಂತ ಕಾಣ್ತದೆ," ಅಂದು ನಕ್ಕಳು.

ರುಡೊಲ್ಫ್ ಪೊರ್ಬುಗಳು ಅವಳಿಗೆ ಕಾಗೆಯ ಸುದ್ದಿ ಹೇಳಿಬಿಟ್ಟಿದ್ದರು ನೋಡಿ.

ಆ ಗ್ಲಾಸು ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಉಂಟು. ಹಿಂದೆ ಮಸಿ ಹಿಡಿದು ಕಪ್ಪಾದ್ದರಿಂದ ಧೂಮಪ್ಪ ಮಾವ ಈಗ ಹಗಲಿಡೀ ಕಾಣುತ್ತಾರೆ. ನಾನು ತಡವಾಗಿ ಬಂದು ಕಾರಣ ಹೇಳಿದರೆ ಅಕ್ಕು ಬಾಯಿ ತೆರೆಯುವುದಿಲ್ಲ. ಗೋಡೆ ನೋಡುತ್ತಾಳೆ. ಗೋಡೆ ಕೆಮ್ಮಿದರೆ ಊಟ, ಇಲ್ಲವಾದರೆ ಗಂಜಿ. ನಾನು ಗಂಜಿ ಕುಡಿದೇ ಇಷ್ಟು ಗಟ್ಟಿಯಾದದ್ದು.

ಎಂತ ಸಾರ್, ಗಡಿಯಾರ ನೋಡುವುದು? ನಿಮ್ಮ ಗ್ಲಾಸಾ? ಅದನ್ನೇ ಹೇಳಲಿಕ್ಕೆ ಬಂದೆ. ನಿಮ್ಮ ಅಂಬಾಸಿಡರಿನ ಮೂಲೆಯೂ ಆ ಲ್ಯಾಂಡ್‌ಮಾಸ್ಟರಿನ ಮೂಲೆಯೂ ಒಂದೇ ಅಚ್ಚು. ಧೂಮಪ್ಪ ಮಾವ ಅದಕ್ಕೆ ಸರಿಯಾಗಿ ಕೂರುತ್ತಾರೆ. ಆದರೆ ಅಕ್ಕು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಬೇರೆ ಗ್ಲಾಸು ನನ್ನ ಹತ್ತಿರ ಇಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಈಗಲೇ ಮನೆಗೆ ಹೋಗಿ ಗೋಡೆಯಿಂದ ಒಂದು ಹಳೆಯ ಪಟ ಇಳಿಸಿ ತನ್ನಿ. ನಿಮ್ಮ ಕಡೆಯವರದ್ದು ಬೇಡ, ಹೆಂಡತಿಯ ಕಡೆಯವರದ್ದೇ ಆಗಬೇಕು. ಸ್ವಲ್ಪ ನಗುವ ಮುಖ ಇದ್ದರೆ ನಿಮಗೇ ಒಳ್ಳೆಯದು. ಹೋಗಿ ಸಾರ್, ನಾನು ರಬ್ಬರ್ ಬಿಸಿನೀರಿಗೆ ಹಾಕಿಡುತ್ತೇನೆ. ಹಾಂ, ನಿಲ್ಲಿ, ಹೋಗುವ ಮೊದಲು ನಿಮ್ಮ ಬಾಗಿಲಿನ ಹಿಡಿ ಹಿಡಿದು ಒಮ್ಮೆ ಮೇಲೆ ಎತ್ತಿ ನೋಡಿ. ಕೀಲು ಸಡಿಲ ಉಂಟಾ?